ಸುಟ್ಟ ಗೋಧಿ, ಸವೆದ ಮಡಕೆಚೂರು: ರೋಮನ್ ಕಾಲದ ಬ್ರಿಟನ್ನಿನ ಬೇಸಾಯ

ದಕ್ಷಿಣ ಇಂಗ್ಲೆಂಡಿನ ಉತ್ತ ಹೊಲಗಳಲ್ಲಿ, ಮನೆಮಠದ ಗುರುತೇ ಇಲ್ಲದ ಕಡೆಗಳಲ್ಲಿಯೂ, ಅಂಚು ಸವೆದು ಉರುಟಾದ ರೋಮನ್ ಕಾಲದ ಮಡಕೆಚೂರುಗಳು ತೆಳುವಾಗಿ ಹರಡಿಕೊಂಡಿರುತ್ತವೆ. ಒಡೆದ ಮಡಕೆ ಮನೆಯ ಕಸದೊಡನೆ ತಿಪ್ಪೆ ಸೇರಿ, ಅಲ್ಲಿಂದ ಗೊಬ್ಬರದೊಡನೆ ಹೊಲ ಸೇರಿತು ಎಂಬುದು ಪುರಾತತ್ತ್ವಜ್ಞರ ವಿವರಣೆ. ನಮ್ಮ ವಿರಾಜಪೇಟೆ ಕಡೆಯ ಗದ್ದೆಗಳಲ್ಲಿ ಹಟ್ಟಿಗೊಬ್ಬರ ಹರಡಿ ಉಳುವಾಗ ಹೆಂಚಿನ ತುಂಡು, ಮಡಕೆಯ ಬಾಯಂಚು, ಬಳೆಚೂರು ಮೇಲೆ ಬರುವುದನ್ನು ಕಂಡವರಿಗೆ ಈ ಮಾತನ್ನು ನಂಬುವುದು ಕಷ್ಟವಲ್ಲ. ಚೂರುಗಳು ಎಲ್ಲಿ ದಟ್ಟ, ಎಲ್ಲಿ ವಿರಳ ಎಂದು ನಕ್ಷೆಯ ಮೇಲೆ ಗುರುತಿಸಿದರೆ, ಆ ಕಾಲದ ರೈತ ಯಾವ ಹೊಲಕ್ಕೆ ಗೊಬ್ಬರ ಹೊತ್ತ, ಯಾವುದನ್ನು ದನಕರುಗಳ ಮೇವಿಗೆ ಬಿಟ್ಟ ಎಂಬುದನ್ನು ಬಹುಮಟ್ಟಿಗೆ ಊಹಿಸಬಹುದು.

ಕ್ರಿ.ಶ. 43ರ ದಂಡಯಾತ್ರೆಯಿಂದ ಸುಮಾರು 410ರವರೆಗಿನ ರೋಮನ್ ಬ್ರಿಟನ್ನಿನ ಬಗ್ಗೆ ಓದಲು ಹೊರಟವರಿಗೆ ಮೊದಲು ಎದುರಾಗುವುದು ಕೋಟೆ, ಸ್ನಾನಗೃಹ, ಮತ್ತು 1864ರಲ್ಲಿ ಬೆಳಕಿಗೆ ಬಂದ ಚೆಡ್‌ವರ್ತ್‌ನಂತಹ ಸಿರಿವಂತರ ವಿಲ್ಲಾಗಳ ಚಿತ್ತಾರದ ನೆಲ. ಆದರೆ ಅಲ್ಲಿನ ಬಹುಪಾಲು ಜನ ವಿಲ್ಲಾಗಳಲ್ಲಿ ಬಾಳಿದವರಲ್ಲ, ಹೊಲದ ಬದಿಯ ಸಣ್ಣ ಮನೆಗಳಲ್ಲಿದ್ದು ದುಡಿದವರು. ಭತ್ತ, ಕಾಫಿ, ಮೆಣಸು ಬೆಳೆಯುವ ಮನೆತನದಲ್ಲಿ ಹುಟ್ಟಿದ ನನಗೆ ಅವರ ಕುರುಹುಗಳೇ ಹೆಚ್ಚು ಮುಖ್ಯವೆನಿಸುತ್ತವೆ. ಅವರು ತಮ್ಮ ಬಗ್ಗೆ ಒಂದಕ್ಷರವನ್ನೂ ಬರೆದಿಟ್ಟಿಲ್ಲವೆನ್ನುವಷ್ಟು ಕಡಿಮೆ ಬರೆದರು. ಅವರ ಚರಿತ್ರೆಯನ್ನು ಮಣ್ಣಿನಿಂದಲೇ ತೆಗೆಯಬೇಕಾಗಿದೆ.

ಹೊಲಗಳ ಆಕಾರವನ್ನು ತೋರಿಸಿಕೊಟ್ಟದ್ದು ವಿಮಾನ. ಇಳಿಜಾರಿನಲ್ಲಿ ವರ್ಷವರ್ಷವೂ ಉತ್ತಾಗ ಸಡಿಲವಾದ ಮಣ್ಣು ಕೆಳಕ್ಕೆ ಜಾರಿ, ಹೊಲದ ಕೆಳಅಂಚಿನಲ್ಲಿ ಯಾರೂ ಕಟ್ಟದ ಬದುವೊಂದು ತಾನಾಗಿ ಬೆಳೆಯುತ್ತದೆ. ಸಂಜೆಯ ಓರೆಬಿಸಿಲಿನಲ್ಲಿ ಆ ಬದುಗಳ ನೆರಳು ಉದ್ದವಾಗಿ ಬಿದ್ದು, ಚೌಕಚೌಕವಾದ ಹೊಲಗಳು ಮೇಲಿನಿಂದ ಸ್ಪಷ್ಟವಾಗಿ ಕಾಣುತ್ತವೆ. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡನೆನ್ಸ್ ಸರ್ವೆಯ ಮೊದಲ ಪುರಾತತ್ತ್ವ ಅಧಿಕಾರಿಯಾಗಿದ್ದ ಓ. ಜಿ. ಎಸ್. ಕ್ರಾಫರ್ಡ್ 1920ರ ದಶಕದಲ್ಲಿ ಇಂತಹ ಚಿತ್ರಗಳಿಂದಲೇ ಅಧ್ಯಯನಕ್ಕೆ ಹೊಸ ದಾರಿ ತೆರೆದರು. ಈ ಹೊಲಗಳಲ್ಲಿ ಎಷ್ಟೋ ರೋಮನ್ನರಿಗಿಂತ ಹಳೆಯವು ಎಂಬುದನ್ನು ಮಾತ್ರ ಮರೆಯಬಾರದು: ಆಳುವವರು ಬದಲಾದರೂ ಹಲವೆಡೆ ಅದೇ ಬದುಗಳೊಳಗೆ ಉಳುಮೆ ಮುಂದುವರಿಯಿತು.

ಏನು ಬೆಳೆದರು ಎಂಬುದಕ್ಕೆ ಅತ್ಯುತ್ತಮ ಸಾಕ್ಷಿ ಸುಟ್ಟು ಕರಿಯಾದ ಕಾಳು. ಹಸಿ ಕಾಳು ಮಣ್ಣಿನಲ್ಲಿ ಕೊಳೆಯುತ್ತದೆ. ಕರಿಕಾಗಿ ಹೋದದ್ದು ಎರಡು ಸಾವಿರ ವರ್ಷವಾದರೂ ಉಳಿಯುತ್ತದೆ. ಅಗೆದ ಮಣ್ಣನ್ನು ನೀರಿನಲ್ಲಿ ಕದಡಿದಾಗ ಹಗುರಾದ ಕಾಳು, ಹೊಟ್ಟು, ಕಳೆಬೀಜ ತೇಲಿ ಬರುತ್ತವೆ. ಅವನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಹಿಡಿದು, ಒಣಗಿಸಿ, ಸೂಕ್ಷ್ಮದರ್ಶಕದಡಿ ಒಂದೊಂದಾಗಿ ವಿಂಗಡಿಸುತ್ತಾರೆ. ಹೀಗೆ ಸಿಕ್ಕವುಗಳಲ್ಲಿ ಮುಖ್ಯವಾದವು ಸ್ಪೆಲ್ಟ್ ಎಂಬ, ಬಡಿದರೂ ಸುಲಭವಾಗಿ ಹೊಟ್ಟು ಬಿಡದ ಗೋಧಿ ಮತ್ತು ಬಾರ್ಲಿ. ಜೊತೆಗೆ ಬಂದ ಕಳೆಬೀಜಗಳೂ ಮಾತಾಡುತ್ತವೆ. ಜಿಗುಟು ಜೇಡಿಮಣ್ಣಿನಲ್ಲಿ ಹುಲುಸಾಗಿ ಬೆಳೆಯುವ, ಸೇವಂತಿಗೆಯ ಕುಲದ ದುರ್ವಾಸನೆಯ ಕಳೆಯೊಂದರ ಬೀಜ ಹೆಚ್ಚಾಗಿ ಸಿಕ್ಕರೆ, ಭಾರವಾದ ನೆಲವನ್ನೂ ಉಳುಮೆಗೆ ತಂದಿದ್ದರೆಂದು ತಿಳಿಯುತ್ತದೆ.

ಇಂಗ್ಲಿಷಿನ ಟಿ ಅಥವಾ ವೈ ಅಕ್ಷರದ ಆಕಾರದಲ್ಲಿ ನೆಲದೊಳಗೆ ಹೊಗೆದಾರಿ ಕಟ್ಟಿದ ಒಲೆಗಳು ಆ ಕಾಲದ ಹಲವು ನೆಲೆಗಳಲ್ಲಿ ಸಿಕ್ಕಿವೆ. ಒದ್ದೆ ಹವೆಯ ನಾಡಿನಲ್ಲಿ ಧಾನ್ಯ ಒಣಗಿಸಲು ಇವನ್ನು ಕಟ್ಟಿದರೆಂದೇ ಬಹುಕಾಲ ನಂಬಲಾಗಿತ್ತು. ಹಳೆಯ ಕಾಲದ ಬೇಸಾಯವನ್ನು ಮಾಡಿ ನೋಡುವ, ದಕ್ಷಿಣ ಇಂಗ್ಲೆಂಡಿನ ಬಟ್ಸರ್‌ನ ಪ್ರಾಯೋಗಿಕ ಹೊಲವನ್ನು ನಡೆಸುತ್ತಿದ್ದ ಪೀಟರ್ ರೆನಾಲ್ಡ್ಸ್ 1970ರ ದಶಕದಲ್ಲಿ ಇಂತಹ ಒಲೆಯನ್ನು ಹೊಸದಾಗಿ ಕಟ್ಟಿ ಉರಿಸಿ ನೋಡಿ, ಒಣಗಿಸುವುದಕ್ಕಿಂತ ಮೊಳಕೆ ಬರಿಸಿದ ಧಾನ್ಯದಿಂದ ಬಿಯರಿಗೆ ಮಾಲ್ಟ್ ಮಾಡಲು ಇದು ಚೆನ್ನಾಗಿ ಒದಗುತ್ತದೆ ಎಂಬ ಅಭಿಪ್ರಾಯಕ್ಕೆ ಬಂದರು. ಕೆಲವು ಒಲೆಗಳಲ್ಲಿ ಸಿಕ್ಕ ಸ್ಪೆಲ್ಟ್ ಕಾಳಿನ ಬೆನ್ನಿನ ಮೇಲೆ ಮೊಳಕೆ ಹಾದುಹೋದ ಸಣ್ಣ ಗೀರು ಕಾಣುತ್ತದೆ. ಮೊಳಕೆಗಳೆಲ್ಲ ಹೆಚ್ಚುಕಡಿಮೆ ಒಂದೇ ಉದ್ದವಿದ್ದರೆ ಅದು ಮಳೆಗೆ ಸಿಕ್ಕಿ ಕೆಟ್ಟ ಧಾನ್ಯವಲ್ಲ, ಬೇಕೆಂದೇ ನೆನೆಹಾಕಿದ್ದು. ಎಲ್ಲ ಒಲೆಗಳೂ ಒಂದೇ ಕೆಲಸಕ್ಕೆ ಎಂದು ಹಟ ಹಿಡಿಯುವ ಅಗತ್ಯವಿಲ್ಲವೆಂಬುದು ನನ್ನ ಎಣಿಕೆ. ಸುಗ್ಗಿಯಲ್ಲಿ ಒಣಗಿಸಿದವರೇ ಬಿಡುವಿನಲ್ಲಿ ಮಾಲ್ಟ್ ಮಾಡಿರಬಹುದು. ಉತ್ತರ ಇಂಗ್ಲೆಂಡಿನ ವಿಂಡೊಲಾಂಡ ಎಂಬ ರೋಮನ್ ಕೋಟೆಯಲ್ಲಿ ಸಿಕ್ಕ ತೆಳು ಹಲಗೆಯ ಪತ್ರವೊಂದರಲ್ಲಿ ಆಕ್ಟೇವಿಯಸ್ ಎಂಬಾತ, ಸುಮಾರು 5,000 ಮೋಡಿಯಸ್ (ರೋಮನ್ನರ ಧಾನ್ಯದ ಅಳತೆ) ಧಾನ್ಯದ ತೆನೆ ಕೊಂಡಿದ್ದೇನೆ, ಬೇಗ ಹಣ ಕಳಿಸು ಎಂದು ಅವಸರಿಸುತ್ತಾನೆ. ಒಂದು ಮೋಡಿಯಸ್ಸಿಗೆ ಸುಮಾರು 8.7 ಲೀಟರ್ ಎಂದು ಹಿಡಿದರೂ ಅದು 43,000 ಲೀಟರ್ ದಾಟುತ್ತದೆ. ಅಷ್ಟು ತೆನೆ ಕೊಯ್ದವರ ಹೆಸರು ಆ ಪತ್ರದಲ್ಲಿಲ್ಲ.

ದನದ ಮೂಳೆಗಳು ಹೇಳುವುದೂ ಕಡಿಮೆಯಲ್ಲ. ರೋಮನ್ ಕಾಲ ಮುಂದುವರಿದಂತೆ ದನಗಳ ಗಾತ್ರ ದೊಡ್ಡದಾಯಿತು, ಮುದಿವಯಸ್ಸಿನವರೆಗೆ ಸಾಕಿದ ದನಗಳ ಪ್ರಮಾಣ ಹೆಚ್ಚಿತು; ಕೆಲವುಗಳ ಕಾಲಿನ ಮೂಳೆಯ ತುದಿ ಭಾರ ಎಳೆದೆಳೆದು ಅಗಲವಾಗಿ ಹರಡಿಕೊಂಡಿದೆ. ಅವು ಮಾಂಸಕ್ಕಿಂತ ಮೊದಲು ನೇಗಿಲಿಗೆ ಬೇಕಾಗಿದ್ದ ಎತ್ತುಗಳು.

ಧಾನ್ಯ ಹೆಚ್ಚಿ ಉಗ್ರಾಣಗಳು ಬೆಳೆದಂತೆ ಹುಳುವೂ ಬಂತು. ಗೋಧಿಯ ಮೂತಿಹುಳು ಹಾರಲಾರದು. ಮನುಷ್ಯ ಸಾಗಿಸಿದ ಧಾನ್ಯದೊಡನೆಯೇ ಅದು ಬ್ರಿಟನ್ ಸೇರಿತು. ಯಾರ್ಕ್‌ನ ಕೋನಿ ಸ್ಟ್ರೀಟಿನಲ್ಲಿ ಅಗೆದ ರೋಮನ್ ಉಗ್ರಾಣದ ನೆಲದಲ್ಲಿ ಇಂತಹ ಹುಳುಗಳ ಅವಶೇಷವೇ ಒಂದು ಪದರವಾಗಿತ್ತು. ಅದರ ಮೇಲೆ ಜೇಡಿಮಣ್ಣು ಮುಚ್ಚಿ ಬೇರೊಂದು ಉಗ್ರಾಣ ಕಟ್ಟಿದ್ದರು. ಕೊತ್ತಂಬರಿ, ಸಬ್ಬಸಿಗೆಯಂತಹ ಬೆಳೆಗಳೂ ರೋಮನ್ ಕಾಲದಲ್ಲಿ ಹರಡಿದವು. ಕರಿಮೆಣಸು ಅಲ್ಲಿ ಬೆಳೆಯದಿದ್ದರೂ, 1992ರಲ್ಲಿ ಪೂರ್ವ ಇಂಗ್ಲೆಂಡಿನ ಹಾಕ್ಸ್‌ನ್‌ನಲ್ಲಿ ಸಿಕ್ಕ ರೋಮನ್ ಕಾಲದ ನಿಧಿಯಲ್ಲಿ ಮೆಣಸಿನ ಪುಡಿಗೆಂದೇ ಮಾಡಿದ ಬೆಳ್ಳಿಯ ಪಾತ್ರೆಗಳಿದ್ದವು. ನಮ್ಮ ಪಶ್ಚಿಮ ಕರಾವಳಿಯಿಂದ ಹೊರಟ ಬಳ್ಳಿಯ ಫಲ ಅಷ್ಟು ದೂರದ ಊಟಕ್ಕೆ ಒದಗಿತೆಂದು ಓದಿದಾಗ ನನಗೆ ಸಂತೋಷವಾಯಿತು.

1990ರ ಬಳಿಕ ಇಂಗ್ಲೆಂಡಿನಲ್ಲಿ ರಸ್ತೆ, ಬಡಾವಣೆಗಳನ್ನು ಕಟ್ಟುವ ಮೊದಲು ಪುರಾತತ್ತ್ವದ ಅಗೆತ ವ್ಯಾಪಕವಾದ್ದರಿಂದ, ಯಾರೂ ಹುಡುಕದಿದ್ದ ಸಾಮಾನ್ಯ ರೈತರ ನೆಲೆಗಳು ಬಹಳಷ್ಟು ಸಿಕ್ಕವು. ಆ ವರದಿಗಳನ್ನು ರೆಡಿಂಗ್ ವಿಶ್ವವಿದ್ಯಾಲಯದವರು ಇತರರೊಡನೆ ಒಟ್ಟುಗೂಡಿಸಿ, ಆ ಕಾಲದ ಹಳ್ಳಿಗಾಡಿನ ನೆಲೆಗಳ ಮಾಹಿತಿಯನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಬೇಸಾಯದ ಮನೆಯಿಂದ ಬಂದ ಓದುಗರು ಅಲ್ಲಿ ವಿಲ್ಲಾಗಳನ್ನು ಬದಿಗಿಟ್ಟು, ಸಣ್ಣ ಹೊಲಮನೆಗಳ ಧಾನ್ಯ ಮತ್ತು ಮೂಳೆಗಳ ವಿವರಗಳಿಂದಲೇ ಓದಲು ತೊಡಗಬೇಕೆಂದು ನನ್ನ ಕೋರಿಕೆ.