ಲಿಂಬಿ ಜಾಸ್ತಿನೋ, ಹುಣಚಿಬೀಜನೋ?

ಇವತ್ತ ಒಂದನೇತ್ತೆ ಹುಡುಗರ ಮುಂದ ಒಂದ ಮೊರದಾಗ ಲಿಂಬಿಹಣ್ಣು, ಹುಣಚಿಬೀಜ, ಅಂಗಿ ಗುಂಡಿ, ಬಾಟಲಿ ಮುಚ್ಚಳ ಎಲ್ಲಾ ಕೂಡಿಸಿ ಇಟ್ಟೆ.
ಬ್ಯಾರೆ ಬ್ಯಾರೆ ಮಾಡ್ರಿ ಅಂದೆ. ಹ್ಯಾಂಗ ಅಂತ ಹೇಳಲಿಲ್ಲ.

ಒಬ್ಬಾವ ಬಣ್ಣ ನೋಡಿ ಮಾಡಿದ.
ಒಬ್ಬಾಕಿ "ಇವು ತಿನ್ನೂವು, ಇವು ತಿನ್ನಬಾರದವು" ಅಂತ ಎರಡ ಗುಂಪು ಹಾಕಿದ್ಲು. ಹುಣಚಿಬೀಜ ತಿನ್ನೂ ಕಡೆ ಹೋತು. "ಹುರಕೊಂಡು ತಿಂತೀವಲ್ರಿ ಟೀಚರ್ರೀ!"
ಖರೇನ ಬಿಡ್ರಿ.

ಆಮ್ಯಾಲ ನೆಲದ ಮ್ಯಾಲ ಸಾಲು ಹಚ್ಚಿದ್ವಿ. ಲಿಂಬಿ 5, ಹುಣಚಿಬೀಜ 8. ಲಿಂಬಿ ಅಂದ್ರ ನಮ್ಮ ವಿಜಯಪುರ ಜಿಲ್ಲಾದ ಇಂಡಿ ಲಿಂಬಿ, ಜಿಐ ಟ್ಯಾಗ್ (ಆ ಭಾಗದ್ದ ಬೆಳಿ ಅನ್ನೂ ಸರಕಾರಿ ಗುರುತು) ಇರೂವು, ದಪ್ಪನ್ನವು.
ಯಾವ್ದು ಜಾಸ್ತಿ?
"ಲಿಂಬೀ!"
ಎಣಿಸ್ರಿ ಅಂದೆ. 5, 8 ಅಂತ ಬರೋಬ್ಬರಿ ಎಣಿಸಿದ್ರು. ಆದ್ರೂ ಲಿಂಬಿನ ಜಾಸ್ತಿ ಅಂತ! ಸಾಲು ಉದ್ದ ಕಾಣತೈತೆಲ್ಲ.

ಸಣ್ಣ ಮಕ್ಕಳು ಎಣಿಕಿಗಿಂತ ಸಾಲಿನ ಉದ್ದ ನಂಬ್ತಾರ ಅಂತ ಮಕ್ಕಳ ಮನಸ್ಸಿನ ಬಗ್ಗೆ ಅಭ್ಯಾಸ ಮಾಡಿದ ಪಿಯಾಜೆ ಹೇಳಿದ್ದನ್ನ ಡಿ.ಎಡ್. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಹಿಂಗ ಕಣ್ಣಮುಂದ ಕುಂತು ವಾದ ಮಾಡತೈತಿ ಅಂತ ಅವಾಗ ಯಾರು ಅನ್ಕೊಂಡಿದ್ರು!

ಖಡು ತಗೊಂಡು ಕುಂಟಬಿಲ್ಲೆಗೆ ಹಾಕಿದಂಗ ಸರಿಸಮ ಮನಿ ಹಾಕಿದೆ. ಒಂದ ಮನ್ಯಾಗ ಒಂದ ವಸ್ತು, ಅಷ್ಟ.
ಹುಣಚಿಬೀಜ ಲಿಂಬಿ ದಾಟಿ 3 ಮನಿ ಮುಂದ ಹೋತು. ಗದ್ದಲ ಅಂದ್ರ ಗದ್ದಲ.

ಹಿಂದ ಕುಂತಾವ ಒಬ್ಬ ಮಾತ್ರ ಒಪ್ಪಲಿಲ್ಲ. "ತೂಗಿದ್ರ ಲಿಂಬಿನ ಗೆಲ್ಲತೈತ್ರಿ."
ಅವ್ರಪ್ಪಂದು ಸಂತ್ಯಾಗ ಕಾಯಿಪಲ್ಲೆ ಅಂಗಡಿ.

ಯಾರ ಮನ್ಯಾಗರ ಹಳೇ ತಕ್ಕಡಿ ಇದ್ರ ಹೇಳ್ರಿ, ನಾಳೆ ಸಾಲಿಗೆ ಬೇಕಾಗೈತಿ.