ರೀಡಿಂಗ್ ಅಂತ ಬರೆದು ರೆಡಿಂಗ್ ಅಂತ ಓದುವ ಊರಿನಿಂದ

ನಾವಿರುವ ಊರಿನ ಹೆಸರನ್ನು ಬರೆಯೋದು ರೀಡಿಂಗ್, ಓದೋದು ರೆಡಿಂಗ್. ಲಂಡನ್ನಿನಿಂದ ರೈಲಿನಲ್ಲಿ ಅರ್ಧ ಗಂಟೆ. ಬಂದ ಹೊಸದರಲ್ಲಿ ಬೋರ್ಡ್ ನೋಡಿ ನಾನೂ ತಪ್ಪು ಓದಿ ನಗೆಪಾಟಲಾಗಿದ್ದೆ. ಈ ಊರಲ್ಲೇ ನನ್ನ ಮಗನಿಗೆ ಓದು ಹತ್ತಲಿಲ್ಲ ಅಂದರೆ ನಿಮಗೂ ನಗು ಬರಬಹುದು. ನಗಿ, ಪರವಾಗಿಲ್ಲ.

ಇಂಗ್ಲೆಂಡಿನಲ್ಲಿ ಒಂದನೇ ಕ್ಲಾಸಿನ ಮಕ್ಕಳಿಗೆ ಜೂನ್‌ನಲ್ಲಿ ಒಂದು ಪುಟ್ಟ ಪರೀಕ್ಷೆ ಇದೆ. 2012ರಿಂದ ನಡೀತಿದೆ. ಟೀಚರ್ ಪಕ್ಕ ಕೂತು 40 ಪದ ಓದಬೇಕು. 20 ನಿಜವಾದ ಪದಗಳು, ಉಳಿದ 20 ಅರ್ಥವೇ ಇಲ್ಲದ, ಸುಮ್ನೆ ಕಟ್ಟಿದ ಪದಗಳು. ಮಗು ಬಾಯಿಪಾಠದಿಂದ ಓದ್ತಿದೆಯೋ, ಅಕ್ಷರ ಕೂಡಿಸಿ ಓದ್ತಿದೆಯೋ ಅಂತ ತಿಳಿಯೋಕೆ. ಕಟ್ಟಿದ ಪದದ ಪಕ್ಕ ಒಂದು ವಿಚಿತ್ರ ಪ್ರಾಣಿಯ ಚಿತ್ರ ಇರುತ್ತದೆ, ಇದು ಅದರ ಹೆಸರು ಅನ್ನೋ ಹಾಗೆ. ಸಾಮಾನ್ಯವಾಗಿ 32 ಸರಿ ಬಂದರೆ ಪಾಸು. ನಮ್ಮವನಿಗೆ ಬಂದದ್ದು 14. ಪದ ಓದೋದು ಬಿಟ್ಟು ಆ ಪ್ರಾಣಿಗಳಿಗೆಲ್ಲ ತಾನೇ ಒಂದೊಂದು ಹೆಸರು ಇಟ್ಟಿದ್ದನಂತೆ.

ಸ್ಕೂಲಿನವರು ಕರೆಸಿದರು. "ಮನೆಯಲ್ಲಿ ಬೇರೆ ಭಾಷೆ ಅಲ್ವಾ, ಅದಕ್ಕೇ ಇರಬೇಕು, ಕಾದು ನೋಡೋಣ" ಅಂದರು. ಮನೆಯಲ್ಲಿ ಇಂಗ್ಲಿಷ್ ಜಾಸ್ತಿ ಮಾಡಿ ಅನ್ನೋ ಸಲಹೆಯೂ ಬಂತು. ನಾನು ಹೂಂ ಅಂದುಬಿಟ್ಟೆ. ನಾಲ್ಕು ತಿಂಗಳು ಮಗನ ಜೊತೆ ಇಂಗ್ಲಿಷಿನಲ್ಲೇ ಮಾತಾಡಿದೆ. "ಅಮ್ಮಾ, ಯಾಕೆ ಟೀಚರ್ ಥರ ಮಾತಾಡ್ತೀಯ?" ಅಂತ ಒಂದು ದಿನ ಕೇಳಿದ. ಅದನ್ನು ನೆನೆಸಿಕೊಂಡರೆ ಈಗಲೂ ನನ್ನ ಮೇಲೆ ನನಗೇ ಕೋಪ ಬರುತ್ತದೆ. ಎರಡು ಭಾಷೆ ಆಡೋದರಿಂದ ಡಿಸ್ಲೆಕ್ಸಿಯಾ, ಅಂದರೆ ಅಕ್ಷರ ಕೂಡಿಸಿ ಓದೋಕೆ ಬರೆಯೋಕೆ ಕಷ್ಟವಾಗುವ ಕಲಿಕೆಯ ತೊಂದರೆ, ಬರಲ್ಲ. ಇದನ್ನು ನನಗೆ ಯಾರಾದರೂ ಅವತ್ತೇ ಹೇಳಬೇಕಿತ್ತು.

ಗುಟ್ಟು ಬಯಲಾದದ್ದು ಶನಿವಾರದ ಕನ್ನಡ ಕ್ಲಾಸಿನಲ್ಲಿ. ಅಲ್ಲಿ ಪಾಠ ಹೇಳುವವರು ಊರಲ್ಲಿ ಮೇಷ್ಟ್ರಾಗಿದ್ದು, ಇಲ್ಲಿ ಮೊಮ್ಮಕ್ಕಳ ಜೊತೆ ಇರುವ ಹಿರಿಯರು. ಒಂದು ಆಟ ಆಡಿಸುತ್ತಿದ್ದರು. "ಆನೆಯಲ್ಲಿ ಆ ತೆಗೆದರೆ?" "ನೆ!" "ಕಮಲದಲ್ಲಿ ಕ ತೆಗೆದರೆ?" ಮಕ್ಕಳೆಲ್ಲ ಕಿರುಚಿ ಹೇಳಿ, ಬಿದ್ದು ಬಿದ್ದು ನಕ್ಕರು. ನನ್ನ ಮಗನೂ ನಕ್ಕ. ಆದರೆ ಎಲ್ಲರಿಗಿಂತ ಕೊನೆಗೆ, ಅವರಿವರ ಮುಖ ನೋಡಿಕೊಂಡು. ಮೇಷ್ಟ್ರು ಅದನ್ನು ಗಮನಿಸಿದರು. ಆಮೇಲೆ ನನ್ನನ್ನು ಕರೆದು, "ಒತ್ತಕ್ಷರ ಎಲ್ಲ ಮಕ್ಕಳೂ ತಪ್ಪುತ್ತಾರಮ್ಮ, ಅದು ಬಿಡಿ. ಇವನಿಗೆ ಪದದೊಳಗಿನ ಸದ್ದು ಬಿಡಿಸೋಕೆ ಬರ್ತಿಲ್ಲ. ಕಥೆ ಹೇಳು ಅಂದರೆ ಅರ್ಧ ಗಂಟೆ ಹೇಳ್ತಾನೆ. ಎರಡು ಭಾಷೆಯಲ್ಲೂ ಒಂದೇ ಕಡೆ ಎಡವುತ್ತಿದ್ದಾನೆ ಅಂದರೆ ಅದು ಭಾಷೆಯ ತಪ್ಪಲ್ಲ" ಅಂದರು.

ಒತ್ತಕ್ಷರದ ಮಾತು ನಿಜವಂತೆ. ಸೊನಾಲಿ ನಾಗ್ ಅನ್ನುವ ಸಂಶೋಧಕಿ ಕನ್ನಡ ಕಲಿಯುವ ಮಕ್ಕಳ ಬಗ್ಗೆ 2007ರಲ್ಲಿ ಬರೆದದ್ದು ಆಮೇಲೆ ನನ್ನ ಕಣ್ಣಿಗೆ ಬಿತ್ತು. ಕಾಗುಣಿತ, ಒತ್ತಕ್ಷರ ಎಲ್ಲ ಪೂರ್ತಿ ಕೈಗೆ ಹತ್ತೋಕೆ ನಾಲ್ಕನೇ ಕ್ಲಾಸು ಆದರೂ ಆಗುತ್ತದೆ. ಏಳು ವರ್ಷದವನು "ಅಕ್ಕ"ನನ್ನು "ಅಕ" ಮಾಡಿದರೆ ಗಾಬರಿ ಬೇಡ.

ಸರಿ, ಇನ್ನು ಯಾರನ್ನು ಕೇಳೋದು? ಫಾರಿನ್ ಅಂದರೆ ಎಲ್ಲ ತಟ್ಟೆಯಲ್ಲಿಟ್ಟು ಕೊಡುತ್ತಾರೆ ಅಂತ ಊರಲ್ಲಿ ಅಂದುಕೊಂಡಿರುತ್ತಾರೆ. ಹಾಗೇನಿಲ್ಲ. ಡಾಕ್ಟರ್ ಹತ್ತಿರ ಹೋದೆ, ಇದು ಎನ್‌ಎಚ್‌ಎಸ್, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ, ನೋಡುವ ವಿಷಯ ಅಲ್ಲ ಅಂದರು. ಬ್ರಿಟಿಷ್ ಡಿಸ್ಲೆಕ್ಸಿಯಾ ಅಸೋಸಿಯೇಷನ್ ಅಂತ ಒಂದು ಸಂಸ್ಥೆ 1972ರಿಂದ ಇದೆ, ಅವರ ಹೆಲ್ಪ್‌ಲೈನ್ ಇದೆ. ತಮಾಷೆ ಅಂದರೆ ಒಂದು ಕಾಲದಲ್ಲಿ ಅವರ ಆಫೀಸು ಇದ್ದದ್ದು ಇದೇ ನಮ್ಮ ರೆಡಿಂಗ್‌ನ ಲಂಡನ್ ರೋಡಿನಲ್ಲಿ. ಅದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಸೆಂಡಿಯಾಸ್. ಇದು ಪ್ರತಿ ಕೌನ್ಸಿಲ್ ವ್ಯಾಪ್ತಿಯಲ್ಲೂ ಇರಲೇಬೇಕಾದ, ಇಂಥ ಮಕ್ಕಳ ಅಪ್ಪ ಅಮ್ಮಂದಿರಿಗೆ ಪುಕ್ಕಟೆ ಸಲಹೆ ಕೊಡುವ ಸೇವೆ. ಅಲ್ಲಿನ ಹೆಂಗಸು ಫೋನಿನಲ್ಲಿ ಒಂದೇ ಮಾತು ಹೇಳಿದರು: ಡಿಸ್ಲೆಕ್ಸಿಯಾ ಅನ್ನುವ ಚೀಟಿ ಬರುವವರೆಗೆ ಸ್ಕೂಲು ಕಾಯುವ ಹಾಗಿಲ್ಲ. ಮಗುವಿಗೆ ಕಷ್ಟ ಇದ್ದರೆ ಸಹಾಯ ಕೊಡಬೇಕು. ಸೆನ್ಕೋಗೆ ಬರೆಯಿರಿ, ಬಾಯಲ್ಲಿ ಹೇಳಬೇಡಿ. ಸೆನ್ಕೋ ಅಂದರೆ ಇಂಥ ಮಕ್ಕಳನ್ನು ನೋಡಿಕೊಳ್ಳುವ ಟೀಚರ್, ಇಲ್ಲಿನ ಸರ್ಕಾರಿ ಶಾಲೆಗಳಲ್ಲಿ ಒಬ್ಬರು ಇರಲೇಬೇಕು.

ಬರೆದೆ. ಹತ್ತು ದಿನದಲ್ಲಿ ಮೀಟಿಂಗು. ಬಾಯಲ್ಲಿ ಒಂದು ವರ್ಷ ಹೇಳಿದ್ದು ಎಲ್ಲಿ ಹೋಗಿತ್ತೋ!

ಆಮೇಲೆ 600 ಪೌಂಡ್‌ಗಿಂತ ಜಾಸ್ತಿ ಕೊಟ್ಟು ಖಾಸಗಿಯಾಗಿ ಡಿಸ್ಲೆಕ್ಸಿಯಾ ಪರೀಕ್ಷೆಯನ್ನೂ ಮಾಡಿಸಿದೆವು. ಅದು ನಮ್ಮ ಸಮಾಧಾನಕ್ಕೆ. ಎಲ್ಲರ ಕೈಲೂ ಆಗಲ್ಲ, ಆಗಬೇಕಂತಲೂ ಇಲ್ಲ. ಬಣ್ಣದ ಪ್ಲಾಸ್ಟಿಕ್ ಹಾಳೆ ಇಟ್ಟು ಓದಿದರೆ ಸರಿಹೋಗುತ್ತೆ ಅಂತ ಯಾರೋ ಹೇಳಿದರು, ಅದನ್ನೂ ತಂದೆ. ದುಡ್ಡು ದಂಡ. ಅದು ಕೆಲಸ ಮಾಡುತ್ತೆ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ. ಕೆಲಸ ಮಾಡಿದ್ದು ದಿನಾ 20 ನಿಮಿಷ ಒಬ್ಬರ ಜೊತೆ ಕೂತು ಸದ್ದು, ಅಕ್ಷರ, ಮತ್ತೆ ಸದ್ದು. ಜೊತೆಗೆ ಬೋರ್ಡ್ ನೋಡಿ ಬರೆಯುವ ಬದಲು ಪ್ರಿಂಟ್ ಹಾಳೆ, ಮತ್ತೆ ಆಡಿಯೋ ಪುಸ್ತಕ. ಇಂಥ ಮಕ್ಕಳಿಗೆ ಆರ್‌ಎನ್‌ಐಬಿ ಬುಕ್‌ಶೇರ್ ಅನ್ನುವ ಆನ್‌ಲೈನ್ ಲೈಬ್ರರಿಯಲ್ಲಿ ಪಠ್ಯಗಳು ಪುಕ್ಕಟೆ ಸಿಗುತ್ತವೆ. ಮನೆಯಲ್ಲಿ ಕನ್ನಡ ವಾಪಸ್ ಬಂತು.

ಇನ್ನೊಂದು ಕಥೆ ಹೇಳಲೇಬೇಕು. ಮಾಹಿತಿ ಹುಡುಕುತ್ತಾ ಹುಡುಕುತ್ತಾ ಮೈಸೂರಿನ ಆಯಿಷ್ ಹೆಸರು ಸಿಕ್ಕಿತು. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ, 1965ರಲ್ಲಿ ಶುರುವಾದದ್ದು. ನಾನು ಬೆಳೆದದ್ದು ಸರಸ್ವತಿಪುರಂನಲ್ಲಿ. ಅದರ ಗೇಟಿನ ಮುಂದೆ ಸೈಕಲ್ಲಿನಲ್ಲಿ ಎಷ್ಟು ಸಾವಿರ ಸಲ ಹೋಗಿದ್ದೇನೋ. ಕಿವಿ ಕೇಳದವರಿಗೆ ಅಂತಲೇ ಅಂದುಕೊಂಡಿದ್ದೆ. ಕಲಿಕೆಯ ತೊಂದರೆ ಇರುವ ಮಕ್ಕಳನ್ನೂ ಅಲ್ಲಿ ನೋಡುತ್ತಾರೆ ಅಂತ ಗೊತ್ತಾಗೋಕೆ ನಾನು ಇಂಗ್ಲೆಂಡಿಗೆ ಬರಬೇಕಾಯಿತು! ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ನೋಡುತ್ತಾರೆ. ಡಿಸ್ಲೆಕ್ಸಿಯಾ ಇದೆಯಾ ಅಂತ ನೋಡುವ ಡಾಲಿ ಅನ್ನುವ ಪರೀಕ್ಷೆ ಕನ್ನಡದಲ್ಲೇ ಇದೆ, ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರದವರು ಮಾಡಿದ್ದು. 2016ರ ಅಂಗವಿಕಲರ ಹಕ್ಕು ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಕಲಿಕೆಯ ತೊಂದರೆಯೂ ಸೇರಿದೆ. ಸರ್ಟಿಫಿಕೇಟ್ ಇದ್ದರೆ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳಬಹುದು.

ಇದನ್ನೆಲ್ಲ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಉದ್ದಕ್ಕೆ ಟೈಪ್ ಮಾಡಿ ಹಾಕಿದೆ. ಅಮ್ಮ "ಬರುತ್ತೆ ಬಿಡು, ನಿಮ್ಮಣ್ಣನೂ ಹೀಗೇ ಇದ್ದ" ಅಂತ ಬರೆದಳು. ಅಣ್ಣನಿಗೆ ಈಗ 44. ಎಸ್‌ಎಸ್‌ಎಲ್‌ಸಿ ಎರಡು ಸಲ ಕಟ್ಟಿ ಬಿಟ್ಟವನು, ಗ್ಯಾರೇಜ್ ಇಟ್ಟಿದ್ದಾನೆ. ಇಂಜಿನ್ ಸದ್ದು ಕೇಳಿಯೇ ಏನು ಕೆಟ್ಟಿದೆ ಅಂತ ಹೇಳುತ್ತಾನೆ. ಅವನು ಗುಂಪಿನಲ್ಲಿ ಯಾವತ್ತೂ ಟೈಪ್ ಮಾಡಲ್ಲ, ಬರೀ ವಾಯ್ಸ್ ಮೆಸೇಜು. ಸೋಮಾರಿ ಅಂತ ನಾವು ಅವನನ್ನು ಎಷ್ಟೋ ಸಲ ಆಡಿಕೊಂಡಿದ್ದೇವೆ.

ಅವತ್ತು ರಾತ್ರಿ ನನಗೊಬ್ಬಳಿಗೇ ಅವನಿಂದ ಒಂದು ಬಂತು, 11 ಸೆಕೆಂಡಿನದು. "ನೀನು ಬರೆದಿದ್ದನ್ನ ನಿಮ್ಮತ್ತಿಗೆ ಓದಿ ಹೇಳಿದಳು. ಆ ಬೋಗಾದಿ ರೋಡಿನದೇ ಅಲ್ವಾ? ದಿನಾ ಅಲ್ಲೇ ಹೋಗ್ತೀನಿ ಕಣೆ. ದೊಡ್ಡೋರನ್ನೂ ನೋಡ್ತಾರಾ, ಸ್ವಲ್ಪ ಕೇಳು."