ಅಕ್ಕನ ಎದೆಬಡಿತ, ಉಡುಪಿಯ ಸೆಕೆ ಮತ್ತು ಒಂದು ಲೋಟ ಐಸ್

ಮೂರು ತಿಂಗಳು ತಲೆ ತಿಂದ ಸಮಸ್ಯೆಗೆ ಕಾರಣ ಸಿಕ್ಕಿದೆ. ಮೇ ತಿಂಗಳಲ್ಲೇ ಸಿಕ್ಕಿತ್ತು. ಅಕ್ಕನ ಎದೆಬಡಿತದ ಅಂಕಿ ಇಳಿಕೆಯತ್ತ ತಿರುಗುವವರೆಗೆ ಬರೆಯುವುದು ಬೇಡ ಅಂತ ಕಾದೆ. ಮೊನ್ನೆ ತಿರುಗಿತು.

ಅಕ್ಕನಿಗೆ 47. ಕಳೆದ ವರ್ಷದಿಂದ ಮುಟ್ಟಿನ ಲೆಕ್ಕ ತಪ್ಪಿದೆ. ಒಂದು ಸಲ 24 ದಿನ, ಮುಂದಿನದು 41, ಅದರ ಮುಂದಿನದು 19. ಪೆರಿಮೆನೊಪಾಸ್, ಅಂದರೆ ಮುಟ್ಟು ನಿಲ್ಲುವ ಮುಂಚಿನ ಹಂತ ಅಂತ ಡಾಕ್ಟರು ಹೇಳಿದ್ದರು. ಅಮ್ಮ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡದ್ದನ್ನು ನಾವಿಬ್ಬರೂ ಕಣ್ಣಾರೆ ಕಂಡವರು. ಮುಟ್ಟು ನಿಲ್ಲುವ ಆಸುಪಾಸಿನ ವರ್ಷಗಳಲ್ಲೇ ಮೂಳೆ ಬೇಗ ಬೇಗ ಸವೆಯುತ್ತದೆ. ಹಾಗಾಗಿ ಜನವರಿಯಲ್ಲಿ ಅಕ್ಕನಿಗೆ ವ್ಯಾಯಾಮ ಶುರು ಮಾಡಿದೆವು. ವಾರಕ್ಕೆ ಎರಡು ದಿನ ಭಾರ, ನಾಲ್ಕು ದಿನ ನಡಿಗೆ. ನಾಲ್ಕು ವಾರದ ಕ್ಯಾಲೆಂಡರ್ ಹಾಕಿದ್ದೆ, ಮುಟ್ಟಿನ ಗಡಿಬಿಡಿಯಲ್ಲಿ ಅದು ಎರಡನೇ ತಿಂಗಳಿಗೇ ಕೆಟ್ಟಿತು. ಈಗ ಬೆಳಿಗ್ಗೆ ಎದ್ದ ಕೂಡಲೇ ನಿದ್ದೆ ಹೇಗಿತ್ತು ಅಂತ ಕೇಳಿ ಆ ದಿನದ ಭಾರ ನಿಶ್ಚಯಿಸುತ್ತೇನೆ. ಅದು ಸರಿಹೋಯಿತು, ಅದರ ಬಗ್ಗೆ ಇಷ್ಟೇ ಸಾಕು.

ಸರಿಹೋಗದ್ದು ಎದೆಬಡಿತ. ಅಜ್ಜರಕಾಡು ಮೈದಾನ, ಬೆಳಿಗ್ಗೆ ಆರೂವರೆ, ಕಿಲೋಮೀಟರಿಗೆ 11 ನಿಮಿಷದ ನಡಿಗೆ. ಫೆಬ್ರವರಿಯಲ್ಲಿ ಬಡಿತ ನಿಮಿಷಕ್ಕೆ 116 ಇತ್ತು. ಅಭ್ಯಾಸ ಆದ ಹಾಗೆ ಇಳಿಯಬೇಕು, ಅಲ್ವಾ? ಮಾರ್ಚ್‌ನಲ್ಲಿ 125, ಏಪ್ರಿಲ್ ಕೊನೆಗೆ 137. ವೇಗ ಅದೇ, ದಾರಿ ಅದೇ. ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎದ್ದು ಕೂರುವುದು 13 ಇದ್ದದ್ದು 11ಕ್ಕೆ ಬಂತು. ಮೊದಲು ಮನೆಕಥೆ ಹೇಳುತ್ತಾ ನಡೆಯುತ್ತಿದ್ದವಳು ಎರಡು ಶಬ್ದಕ್ಕೊಮ್ಮೆ ಉಸಿರು ಎಳೆಯತೊಡಗಿದಳು.

ಮೊದಲು ವಾಚಿನ ಮೇಲೆ ಅನುಮಾನ ಬಂತು. ಬೆವರಿದ ಮಣಿಕಟ್ಟಿನಲ್ಲಿ ಅದು ಏನೇನೋ ತೋರಿಸುವುದು ಉಂಟು. ಎದೆಗೆ ಕಟ್ಟುವ ಪಟ್ಟಿ ತರಿಸಿದೆ. ಬಂದದ್ದು 19 ದಿನ ಬಿಟ್ಟು. ಒಳಗಿನ ಸಿಆರ್ 2032 ಸೆಲ್ ಸತ್ತಿತ್ತು, ಇಲಾಸ್ಟಿಕ್ ಎರಡನೇ ವಾರಕ್ಕೆ ಸಡಿಲ. ವಾಪಸ್ ಕಳಿಸುತ್ತೇನೆ ಅಂದರೆ ಮಾರಿದವರು ಪಟ್ಟಿಯ ಫೋಟೋ ಐದು ಕೋನದಿಂದ ಬೇಕು ಅಂದರು. ಇದೇ ಕಡೆಯಿಂದ ತರಿಸಿದ 8 ಕಿಲೋ ಕೆಟಲ್‌ಬೆಲ್ಲನ್ನು (ಹಿಡಿಕೆ ಇರುವ ಕಬ್ಬಿಣದ ಗುಂಡು) ರೇಷನ್ ಅಂಗಡಿಯ ತಕ್ಕಡಿಗೆ ಹಾಕಿದರೆ 6 ಕಿಲೋ 900. ದುಡ್ಡು ಹೋದದ್ದಕ್ಕಿಂತ ಬೇಜಾರು ಇನ್ನೊಂದಿದೆ. ನನ್ನ ಪುಸ್ತಕದಲ್ಲಿ ಎರಡು ತಿಂಗಳು ಸುಳ್ಳು ತೂಕ ಬರೆದಾಗಿತ್ತು. ಪಟ್ಟಿಗೆ ಹೊಸ ಸೆಲ್ ಹಾಕಿ, ಹೊಲಿದು ಬಿಗಿ ಮಾಡಿ ನೋಡಿದೆ. ವಾಚು ಹೇಳಿದ್ದು ಸರಿಯೇ ಇತ್ತು.

ಆಮೇಲೆ ಸೆಕೆಯ ಮೇಲೆ ಅನುಮಾನ. ಏಪ್ರಿಲ್‌ನ ಕರಾವಳಿ ಗೊತ್ತಲ್ಲ, ಬೆವರು ಆರುವುದೇ ಇಲ್ಲ. ಮೈ ತಂಪು ಮಾಡಲು ಚರ್ಮದ ಕಡೆಗೆ ರಕ್ತ ಹರಿಯುತ್ತದೆ, ಹೃದಯ ಜಾಸ್ತಿ ಬಡಿಯುತ್ತದೆ. ಇದಕ್ಕೆ ಮೇಲಿಂದ ಅಕ್ಕನಿಗೆ ಈ ಹಂತದಲ್ಲಿ ಇದ್ದಕ್ಕಿದ್ದಂತೆ ಮೈ ಕಾವೇರುವುದು ಬೇರೆ. ಪರೀಕ್ಷೆ ಮಾಡದೆ ಒಪ್ಪುವ ಮನಸ್ಸಾಗಲಿಲ್ಲ. ಅವಳ ಮಗನ ಎಸಿ ರೂಮಿನಲ್ಲಿ ಮೆಟ್ಟಿಲು ಪರೀಕ್ಷೆ ಇಟ್ಟೆ. ತಾಳ ಹೊಡೆಯುವ ಮೆಟ್ರೊನೋಮ್ ನಿಮಿಷಕ್ಕೆ 96ಕ್ಕೆ ಇಟ್ಟು, ಮೂರು ನಿಮಿಷ. ಪಕ್ಕದಲ್ಲಿ ನಾನೂ ಹತ್ತಿ ಇಳಿದೆ. ನನ್ನ ಬಡಿತ ಜನವರಿಯಲ್ಲಿ ಎಷ್ಟಿತ್ತೋ ಅಷ್ಟೇ. ಅಕ್ಕನದು ಆಗಿನದಕ್ಕಿಂತ 20 ಜಾಸ್ತಿ. ಅಲ್ಲಿಗೆ ಸೆಕೆಯನ್ನೂ ಬಿಟ್ಟೆ.

ಪರೀಕ್ಷೆ ಮುಗಿಸಿ ಅಡುಗೆಮನೆಯಲ್ಲಿ ಕೂತಿದ್ದೆವು. ಅಕ್ಕ ಫ್ರೀಜರ್ ತೆಗೆದು, ಟ್ರೇ ತಿರುಚಿ, ಐಸ್ ತುಂಡುಗಳನ್ನು ಸ್ಟೀಲ್ ಲೋಟಕ್ಕೆ ಸುರಿದಳು. ನೀರು ಹಾಕಲಿಲ್ಲ. ಒಂದೊಂದೇ ಬಾಯಿಗೆ ಹಾಕಿ ಕಟಕಟ ಅಂತ ಅಗಿಯತೊಡಗಿದಳು. ಸೆಕೆಗೆ ಅಂತ ಎಷ್ಟು ಸಲ ನೋಡಿ ಸುಮ್ಮನಿದ್ದೆನೋ. ಎಸಿ ರೂಮಿನಿಂದ ಈಗಷ್ಟೇ ಎದ್ದು ಬಂದಿದ್ದಾಳೆ, ಆದರೂ ಐಸ್. ದಿನಕ್ಕೆ ಎಷ್ಟು ಅಂತ ಕೇಳಿದೆ. ಎರಡು ಟ್ರೇ ಅಂದಳು. ರಾತ್ರಿ ಎದ್ದೂ ತಿನ್ನುತ್ತಾಳಂತೆ.

ಐಸ್ ಅಗಿಯುವ ಚಟ ಕಬ್ಬಿಣ ಕಡಿಮೆಯಾದವರಲ್ಲಿ ಕಾಣುತ್ತದೆ. ಅವಳ ಕೆಳರೆಪ್ಪೆ ಎಳೆದು ನೋಡಿದೆ. ಕೆಂಪು ಇರಬೇಕಾದಲ್ಲಿ ತೊಳೆದ ಬಟ್ಟೆಯ ಹಾಗೆ ಬಿಳಿ. ಆಗ ಕೇಳಿದೆ, ಮುಟ್ಟು ಬಂದಾಗ ಎಷ್ಟು ಹೋಗುತ್ತದೆ?

"ಅದೆಲ್ಲ ಹೇಳುವ ವಿಷಯವಾ ಮಾರಾಯ್ತಿ" ಅಂದಳು. ಮತ್ತೆ ಮೆಲ್ಲ ಹೇಳಿದಳು. ಒಂಬತ್ತು ದಿನ. ಮೊದಲ ಮೂರು ದಿನ ಗಂಟೆಗೊಂದು ಪ್ಯಾಡ್. ಮಂಗಳೂರಿಗೆ ಬಸ್ಸಲ್ಲಿ ಹೋಗುವುದನ್ನೇ ಬಿಟ್ಟಿದ್ದಾಳೆ. ಕಪ್ಪು ಚೂಡಿದಾರ ಬಿಟ್ಟು ಬೇರೆ ಹಾಕುವುದಿಲ್ಲ. ಈ ವಯಸ್ಸಿಗೆ ಹಾಗೇ ಅಂತ ಎಲ್ಲರೂ ಹೇಳಿದರಂತೆ, ಹಾಗಾಗಿ ಹೇಳಲಿಲ್ಲ. ನನಗೆ ಗಂಟಲು ಕಟ್ಟಿತು. ಹಿಡಿತದ ಬಲ ಅಳೆದಿದ್ದೆ, ಸೊಂಟದ ಸುತ್ತಳತೆ ಬರೆದಿದ್ದೆ, ಇದೊಂದನ್ನು ಕೇಳಿರಲೇ ಇಲ್ಲ.

ಈ ಹಂತದಲ್ಲಿ ಎಷ್ಟೋ ತಿಂಗಳು ಅಂಡ ಬಿಡುಗಡೆಯೇ ಆಗುವುದಿಲ್ಲ. ಆಗದಿದ್ದರೆ ಪ್ರೊಜೆಸ್ಟೆರಾನ್ ಅನ್ನುವ ಹಾರ್ಮೋನ್ ಬರುವುದಿಲ್ಲ, ಗರ್ಭಕೋಶದ ಒಳಪದರ ದಪ್ಪ ಆಗುತ್ತಾ ಹೋಗಿ ಒಮ್ಮೆಗೇ ಜಾಸ್ತಿ ಸುರಿಯುತ್ತದೆ. ಕಬ್ಬಿಣ ಹೋದ ಮೇಲೆ ಹಿಮೋಗ್ಲೋಬಿನ್ ಇಳಿಯುತ್ತದೆ. ಇದ್ದಷ್ಟು ರಕ್ತದಲ್ಲೇ ಆಮ್ಲಜನಕ ಮುಟ್ಟಿಸಲು ಹೃದಯ ಜಾಸ್ತಿ ಸಲ ಬಡಿಯಬೇಕು. 137 ಅಂದರೆ ಇದೇ.

ಹೆಂಗಸರಿಗೆ 12 ಇರಬೇಕಾದ ಹಿಮೋಗ್ಲೋಬಿನ್ ಅಕ್ಕನಿಗೆ 8.9 ಇತ್ತು. ಡಾಕ್ಟರು ಥೈರಾಯ್ಡ್ ನೋಡಿದರು, ಸ್ಕ್ಯಾನ್ ಮಾಡಿಸಿದರು, ಹೆದರುವಂಥದ್ದು ಸಿಗಲಿಲ್ಲ. ರಕ್ತಸ್ರಾವ ತಗ್ಗಿಸಲು ಔಷಧಿ, ಜೊತೆಗೆ ಕಬ್ಬಿಣದ ಮಾತ್ರೆ. ಅಕ್ಕ ಮೂಳೆಗೆ ಅಂತ ತೆಗೆದುಕೊಳ್ಳುವ ಕ್ಯಾಲ್ಸಿಯಂ ಮಾತ್ರೆಯನ್ನೂ ಇದರ ಜೊತೆಗೇ ನುಂಗಲು ಹೊರಟಿದ್ದಳು. ಕ್ಯಾಲ್ಸಿಯಂ ಕಬ್ಬಿಣವನ್ನು ಸರಿಯಾಗಿ ಹೀರಲು ಬಿಡುವುದಿಲ್ಲ. ಚಾ ಕೂಡ ಹಾಗೇ. ಈಗ ಕಬ್ಬಿಣ ಬೆಳಿಗ್ಗೆ ಲಿಂಬೆ ಶರಬತ್ತಿನ ಜೊತೆ, ಚಾ ಒಂದು ಗಂಟೆ ಬಿಟ್ಟು, ಕ್ಯಾಲ್ಸಿಯಂ ರಾತ್ರಿ. ಸಿಕ್ಕಾಗ ಮರುವಾಯಿ (ಚಿಪ್ಪುಮೀನು) ಸುಕ್ಕ, ಅದರಲ್ಲಿ ಒಳ್ಳೆ ಕಬ್ಬಿಣ ಉಂಟು.

ವ್ಯಾಯಾಮ ನಿಲ್ಲಿಸಲಿಲ್ಲ. ಡಾಕ್ಟರನ್ನು ಕೇಳಿಯೇ ಬದಲಾಯಿಸಿದೆ. ವೇಗದ ನಡಿಗೆ ಪೂರ್ತಿ ಬಂದ್. ಪೂರ್ತಿ ವಾಕ್ಯ ಆಡುವಷ್ಟು ಉಸಿರು ಉಳಿಯಬೇಕು, ಅದೇ ಮಿತಿ. ಭಾರ ಎತ್ತುವುದು ಐದೈದರ ಮೂರು ಸುತ್ತು, ನಡುವೆ ಮೂರು ನಿಮಿಷ ಕೂರುವುದು. ಸುತ್ತು ಚಿಕ್ಕದಿದ್ದರೆ ಆಮ್ಲಜನಕದ ಕೊರತೆ ಅಷ್ಟು ತಟ್ಟುವುದಿಲ್ಲ. ತಲೆ ತಿರುಗಿದರೆ, ಎದೆ ಹಿಡಿದರೆ ಅಲ್ಲಿಗೇ ನಿಲ್ಲಿಸುವುದು.

ಎರಡನೇ ವಾರಕ್ಕೇ ಐಸ್ ಬೇಡ ಅಂದಳು. ಹಿಮೋಗ್ಲೋಬಿನ್ ಏರುವುದಕ್ಕೂ ಮೊದಲೇ! ಎಂಟು ವಾರಕ್ಕೆ 11.3. ಮಾತ್ರೆ ಇನ್ನೂ ಕೆಲವು ತಿಂಗಳು ಬೇಕು, ಮೈಯೊಳಗಿನ ಕಬ್ಬಿಣದ ದಾಸ್ತಾನು ತುಂಬಲು ಹೊತ್ತು ಹಿಡಿಯುತ್ತದೆ. ಮೊನ್ನೆ ಮಳೆ ಬಿಟ್ಟ ಒಂದು ಬೆಳಿಗ್ಗೆ ಅಜ್ಜರಕಾಡಿಗೆ ಹೋದೆವು. ಅದೇ 11 ನಿಮಿಷ. ಬಡಿತ 119.

ಮುಂದಿನದು ಏನು ಗೊತ್ತಾ? ಕಬ್ಬಿಣದ ಸಾಮಾನು ಈ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ, ತೂಕವೂ ನಂಬಿಕೆಯದ್ದಲ್ಲ. ಹೊತ್ತು ನಡೆಯುವುದಕ್ಕೆ ಅಕ್ಕಿಮುಡಿ ಕಟ್ಟಿಸಬೇಕು ಅಂತಿದ್ದೇನೆ. ಹಳೆಯ ಮುಡಿ 42 ಸೇರು, ಅದು ನಮಗೆ ಆಗದು. 5 ಕಿಲೋ, 8 ಕಿಲೋ, 12 ಕಿಲೋದ ಮರಿಮುಡಿಗಳು. ಒಳಗೆ ಕುಚ್ಚಲಕ್ಕಿ, ಹೊರಗೆ ಬೈಹುಲ್ಲು, ಮೇಲೆ ಹಗ್ಗ. ಎದೆಗೆ ಅಪ್ಪಿಕೊಂಡು ಮೆಟ್ಟಿಲು ಹತ್ತಬಹುದು. ಕಟ್ಟಲು ಬರುವ ಅಜ್ಜ ಒಬ್ಬರು ಬ್ರಹ್ಮಾವರದ ಕಡೆ ಇದ್ದಾರಂತೆ. ಮಳೆ ಮುಗಿದು ಹೊಸ ಹುಲ್ಲು ಬರಲಿ ಅಂದಿದ್ದಾರೆ.

ಅಲ್ಲಿಯವರೆಗೆ ಶನಿವಾರ ಕುರ್ಚಿ ಪರೀಕ್ಷೆ ಮತ್ತೊಮ್ಮೆ. ಅಕ್ಕ 14 ಅಂತ ಈಗಲೇ ಪುಸ್ತಕದಲ್ಲಿ ಬರೆದಿಟ್ಟಿದ್ದಾಳೆ, ಪೆನ್ಸಿಲಿನಲ್ಲಿ.